ಶೋಲ್ ಲೇಕ್ 40 ಕುಡಿಯುವ ನೀರಿನ ಯೋಜನೆ

ಶೋಲ್ ಲೇಕ್ 40 ಎಂಬುದು ಕೆನಡಾ ದೇಶದ ಮ್ಯಾನಿಟೋಬಾ ಮತ್ತು ಒಂಟಾರಿಯೊ ಪ್ರಾಂತ್ಯಗಳ ಗಡಿಯಲ್ಲಿ, ಶೋಲ್ ಸರೋವರದ ದಂಡೆಯಲ್ಲಿರುವ ಅನಿಶಿನಾಬೆ ಮೂಲನಿವಾಸಿಗಳ ಸಣ್ಣ ಗ್ರಾಮ. ವಿನಿಪೆಗ್ ನಗರವು 1919ರಿಂದ ಈ ಸರೋವರದ ನೀರನ್ನೇ ಕುಡಿಯುತ್ತಿದೆ. ಆದರೆ ದಂಡೆಯಲ್ಲಿಯೇ ವಾಸಿಸುವ ಈ ಗ್ರಾಮಸ್ಥರು 1997ರಿಂದ 2021ರವರೆಗೆ ಸುಮಾರು 24 ವರ್ಷ ಕಾಲ ನಲ್ಲಿಯ ನೀರನ್ನು ಕುದಿಸದೆ ಕುಡಿಯುವಂತಿರಲಿಲ್ಲ.

ಹಿನ್ನೆಲೆ

ಸರೋವರವು ನಗರಕ್ಕಿಂತ ಎತ್ತರದಲ್ಲಿರುವುದರಿಂದ ಸುಮಾರು 155 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆಯಲ್ಲಿ ನೀರು ಗುರುತ್ವಬಲದಿಂದಲೇ ಹರಿದುಹೋಗುತ್ತದೆ. ಈ ಯೋಜನೆಗಾಗಿ ಮೂಲನಿವಾಸಿಗಳ ಭೂಮಿಯ ಒಂದು ಭಾಗವನ್ನು ವಶಪಡಿಸಿಕೊಳ್ಳಲಾಯಿತು. ಫಾಲ್ಕನ್ ನದಿಯು ಜೌಗು ನೆಲದಿಂದ ತರುವ ಕಂದು ಬಣ್ಣದ ನೀರು ನಗರದ ನೀರಿನೊಡನೆ ಬೆರೆಯದಂತೆ ಒಡ್ಡು ಕಟ್ಟಿ, ನಾಲೆ ತೋಡಿ, ಅದನ್ನು ಬೇರೆಡೆಗೆ ತಿರುಗಿಸಲಾಯಿತು. ಆ ನಾಲೆಯಿಂದಾಗಿ ಗ್ರಾಮವು ಹೊರಜಗತ್ತಿನಿಂದ ಬೇರ್ಪಟ್ಟು ಕೃತಕ ದ್ವೀಪವಾಯಿತು. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರ, ಇವೇ ಸಂಚಾರದ ಮಾರ್ಗಗಳಾಗಿದ್ದವು. ಮಂಜುಗಡ್ಡೆ ತೆಳುವಾಗುವ ದಿನಗಳಲ್ಲಿ ಪ್ರಯಾಣ ಪ್ರಾಣಾಪಾಯಕರವಾಗಿತ್ತು.

ನೀರಿನ ಸಮಸ್ಯೆ

ಕೆರೆ, ಸರೋವರಗಳ ನೀರಿನಲ್ಲಿ ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ ಇರಬಹುದು. ಕ್ಲೋರಿನ್ ಮಾತ್ರದಿಂದ ಇದು ಸುಲಭವಾಗಿ ಸಾಯುವುದಿಲ್ಲ. ಸೋಸುವಿಕೆ ಅಥವಾ ನೇರಳಾತೀತ ಕಿರಣಗಳ ಸಂಸ್ಕರಣೆ ಅಗತ್ಯ. ಕುದಿಸಿದರೆ ನಾಶವಾಗುತ್ತದೆ. ಆದರೆ ಸೂಚನೆ ದಶಕಗಳವರೆಗೆ ಮುಂದುವರಿದಾಗ ಕುದಿಸುವುದು ಪರಿಹಾರವೆನಿಸದು. ಗ್ರಾಮಸ್ಥರು ಹೊರಗಿನಿಂದ ತರಿಸಿದ ಬಾಟಲಿ ನೀರನ್ನು ಅವಲಂಬಿಸಬೇಕಾಯಿತು. ವಿನಿಪೆಗ್ ನಗರ 2009ರಲ್ಲಿಯೇ ತನಗಾಗಿ ಆಧುನಿಕ ಶುದ್ಧೀಕರಣ ಘಟಕವನ್ನು ಹೊಂದಿತು. ಅದೇ ಸರೋವರದ ದಂಡೆಯ ಗ್ರಾಮ ಇನ್ನೂ 12 ವರ್ಷ ಕಾಯಿತು.

ಮೊದಲು ರಸ್ತೆ, ಅನಂತರ ನೀರು

ಘಟಕವಿಲ್ಲದಿರಲು ತಾಂತ್ರಿಕ ಜ್ಞಾನದ ಕೊರತೆ ಕಾರಣವಲ್ಲ. ರಸ್ತೆಯೇ ಇಲ್ಲದ ಊರಿಗೆ ಸಿಮೆಂಟು, ಉಕ್ಕು, ಭಾರೀ ಯಂತ್ರಗಳನ್ನು ಸಾಗಿಸುವ ವೆಚ್ಚ ವಿಪರೀತವಾಗಿತ್ತು. ಆದುದರಿಂದ ಗ್ರಾಮದ ಹೋರಾಟವು ಮೊದಲು ರಸ್ತೆಯನ್ನು ಕೇಳಿತು. ಕೇಂದ್ರ ಸರ್ಕಾರ, ಮ್ಯಾನಿಟೋಬಾ ಪ್ರಾಂತ್ಯ ಮತ್ತು ವಿನಿಪೆಗ್ ನಗರಗಳ ಹಣದಿಂದ ನಿರ್ಮಿತವಾದ, ಟ್ರಾನ್ಸ್-ಕೆನಡಾ ಹೆದ್ದಾರಿಗೆ ಸೇರುವ 24 ಕಿ.ಮೀ.ಗಳ ಸರ್ವಋತು ರಸ್ತೆ 2019ರ ಜೂನ್‌ನಲ್ಲಿ ತೆರೆಯಿತು. ಅದನ್ನು ಜನರು 'ಫ್ರೀಡಂ ರೋಡ್', ಅಂದರೆ ಬಿಡುಗಡೆಯ ದಾರಿ, ಎಂದು ಕರೆಯುತ್ತಾರೆ. ರಸ್ತೆ ಬಂದ ಎರಡೇ ವರ್ಷಗಳಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ಸುಮಾರು 3.3 ಕೋಟಿ ಕೆನಡಾ ಡಾಲರ್ ವೆಚ್ಚದ ಶುದ್ಧೀಕರಣ ಘಟಕ ಕಾರ್ಯಾರಂಭ ಮಾಡಿತು. ಕುದಿಸಿ ಕುಡಿಯುವ ಸೂಚನೆ ರದ್ದಾಯಿತು.

ಇತರ ಗ್ರಾಮಗಳು

ಮೂಲನಿವಾಸಿ ಗ್ರಾಮಗಳಲ್ಲಿ ಜಾರಿಯಲ್ಲಿದ್ದ ದೀರ್ಘಕಾಲಿಕ ಸೂಚನೆಗಳನ್ನೆಲ್ಲ 2021ರ ಮಾರ್ಚ್ ಒಳಗೆ ಕೊನೆಗಾಣಿಸುವುದಾಗಿ ಕೆನಡಾ ಸರ್ಕಾರ ನೀಡಿದ್ದ ಭರವಸೆ ಈಡೇರಲಿಲ್ಲ. ಅದೇ ವರ್ಷ, ಶುದ್ಧ ನೀರಿಲ್ಲದೆ ಬದುಕಿದವರು ಹೂಡಿದ್ದ ಸಾಮೂಹಿಕ ದಾವೆಯಲ್ಲಿ ಸುಮಾರು 800 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ನ್ಯಾಯಾಲಯಗಳು ಸಮ್ಮತಿ ನೀಡಿದವು. ದಾವೆ ಹೂಡಿದವುಗಳಲ್ಲಿ ಒಂದಾದ ಒಂಟಾರಿಯೊದ ನೆಸ್ಕಾಂಟಾಗಾ ಗ್ರಾಮದಲ್ಲಿ 1995ರಲ್ಲಿ ಹೊರಡಿಸಿದ ಸೂಚನೆ ಆಗಲೂ ಜಾರಿಯಲ್ಲಿತ್ತು.