ಮಹಾಪಧಮನಿಯ ಪದರಸೀಳು

ಹೃದಯದಿಂದ ಹೊರಡುವ ಅತಿದೊಡ್ಡ ರಕ್ತನಾಳವಾದ ಮಹಾಪಧಮನಿಯ ಒಳಪದರ ಹರಿದು, ರಕ್ತವು ಗೋಡೆಯೊಳಕ್ಕೆ ನುಗ್ಗಿ ಪದರಗಳನ್ನು ಬೇರ್ಪಡಿಸುವ ಸ್ಥಿತಿಯೇ ಪದರಸೀಳು. ಫ್ರೆಂಚ್ ವೈದ್ಯ ಲೆನೆಕ್ 1819ರಲ್ಲಿ ಇದನ್ನು 'ಸೀಳುವ ಅನ್ಯೂರಿಸಮ್' ಎಂದು ಕರೆದರು. ಆದರೆ ನಾಳವು ಮೊದಲೇ ಉಬ್ಬಿರಬೇಕೆಂದಿಲ್ಲವಾದ್ದರಿಂದ ಆ ಹೆಸರು ಅಷ್ಟು ಸಮಂಜಸವಲ್ಲ. ದೀರ್ಘಕಾಲದ ಅಧಿಕ ರಕ್ತದೊತ್ತಡವು ಇದರ ಪ್ರಮುಖ ಕಾರಣ. ಮಾರ್ಫನ್ ಸಿಂಡ್ರೋಮ್‌ ಉಳ್ಳವರಲ್ಲಿ ಚಿಕ್ಕ ವಯಸ್ಸಿನಲ್ಲಿಯೂ ಕಾಣಿಸಿಕೊಳ್ಳಬಹುದು.

ರೋಗನಿರ್ಣಯ

ಎದೆಯಲ್ಲಿ ಅಥವಾ ಬೆನ್ನಿನಲ್ಲಿ ಹಠಾತ್ತನೆ ಹರಿದಂತಹ ತೀವ್ರ ನೋವು ಉಂಟಾಗುತ್ತದೆ. ಇದನ್ನು ಹೃದಯಾಘಾತವೆಂದು ಭ್ರಮಿಸುವುದು ಸುಲಭ, ಅಪಾಯವಿರುವುದೂ ಅಲ್ಲಿಯೇ. ಹೃದಯಾಘಾತಕ್ಕೆ ಕೊಡುವ, ಹೆಪ್ಪು ಕರಗಿಸುವ ಔಷಧವು ಇಲ್ಲಿ ಪ್ರಾಣಕ್ಕೆ ಎರವಾಗಬಹುದು. ಎರಡು ತೋಳುಗಳ ರಕ್ತದೊತ್ತಡದಲ್ಲಿ ದೊಡ್ಡ ವ್ಯತ್ಯಾಸವಿದ್ದರೆ ಸಂಶಯ ಬಲಗೊಳ್ಳುತ್ತದೆ. ವ್ಯತ್ಯಾಸವಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಸಿ.ಟಿ. ಆಂಜಿಯೋಗ್ರಫಿಯಿಂದ ನಿರ್ಣಯ ಖಚಿತವಾಗುತ್ತದೆ.

ಚಿಕಿತ್ಸೆ

ಹೃದಯಕ್ಕೆ ಸಮೀಪದ ಆರೋಹಣ ಭಾಗ ಸೀಳಿದರೆ ಅದು ಸ್ಟ್ಯಾನ್‌ಫರ್ಡ್ 'ಎ' ವರ್ಗ. ಇದಕ್ಕೆ ತುರ್ತು ಶಸ್ತ್ರಚಿಕಿತ್ಸೆ ಅಗತ್ಯ; ಹಾನಿಗೊಂಡ ಭಾಗವನ್ನು ತೆಗೆದು ಡೇಕ್ರಾನ್ ಕೊಳವೆಯನ್ನು ಜೋಡಿಸಲಾಗುತ್ತದೆ. ಈ ಶಸ್ತ್ರಚಿಕಿತ್ಸೆಯ ಪ್ರವರ್ತಕ ಮೈಕೆಲ್ ಡಿಬೇಕಿಯವರೇ ತಮ್ಮ 97ನೆಯ ವಯಸ್ಸಿನಲ್ಲಿ, 2006ರಲ್ಲಿ, ಇದಕ್ಕೆ ಒಳಗಾಗಿ ಬದುಕುಳಿದರು. ಅವರೋಹಣ ಭಾಗಕ್ಕೆ ಸೀಮಿತವಾದ 'ಬಿ' ವರ್ಗಕ್ಕೆ ಸಾಮಾನ್ಯವಾಗಿ ಔಷಧ ಸಾಕು. ಅಂಗಾಂಗಗಳಿಗೆ ರಕ್ತ ಸಾಗದಿದ್ದರೆ ಸ್ಟೆಂಟ್ ಗ್ರಾಫ್ಟ್ ಅಳವಡಿಸುತ್ತಾರೆ.

'ಎ' ವರ್ಗದಲ್ಲಿ ಮೊದಲ ಎರಡು ದಿನ, ಚಿಕಿತ್ಸೆಯಿಲ್ಲದ ಪ್ರತಿ ಗಂಟೆಗೂ ಸಾವಿನ ಸಂಭವ ಶೇ. 1–2ರಷ್ಟು ಏರುತ್ತದೆಂಬುದು ಬಹುಕಾಲದ ಅಂದಾಜು. ಉತ್ತರ ಕನ್ನಡದ ಕರಾವಳಿಯಲ್ಲಿ ಈ ಲೆಕ್ಕ ಇನ್ನೂ ಕಠಿಣ. ಮುರ್ಡೇಶ್ವರದಿಂದ ಮಣಿಪಾಲಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 100 ಕಿ.ಮೀ. ದೂರವಿದೆ, ಮಂಗಳೂರು ಇನ್ನೂ ಆಚೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜೋರಾಗಿ ಎದ್ದಿತ್ತು. ಆದ್ದರಿಂದ ಆಂಬ್ಯುಲೆನ್ಸ್ ಹೊರಡುವ ಮೊದಲೇ ಸ್ಥಳೀಯ ವೈದ್ಯರು ನೋವನ್ನು ಶಮನಗೊಳಿಸಿ, ಬೀಟಾ ಬ್ಲಾಕರ್ ಔಷಧದಿಂದ ನಾಡಿಬಡಿತವನ್ನು ನಿಮಿಷಕ್ಕೆ 60ರ ಆಸುಪಾಸಿಗೂ ಮೇಲಿನ ರಕ್ತದೊತ್ತಡವನ್ನು 100–120ಕ್ಕೂ ಇಳಿಸಲು ಯತ್ನಿಸುವುದು ಮುಖ್ಯವಾಗುತ್ತದೆ.