ಪುಲಿಗೆರೆಯ ಆಚಾರವ್ಯವಸ್ಥೆ

ಪುಲಿಗೆರೆಯೆಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ತಿರುಳ್ಗನ್ನಡದ ನೆನಪಾಗುವುದು ಸಹಜವೇ ಸರಿ. ಕವಿರಾಜಮಾರ್ಗವು ಕಿಸುವೊಳಲ್, ಕೊಪಣ, ಒಂಕುಂದಗಳೊಡನೆ ಈ ಊರನ್ನೂ ಹೆಸರಿಸಿದೆ. ಪಂಪನು 941ರ ತನ್ನ ಭಾರತವನ್ನು ಇಲ್ಲಿಯ ನುಡಿಯಲ್ಲಿಯೇ ರಚಿಸಿದುದಾಗಿ ಹೇಳಿಕೊಂಡಿದ್ದಾನೆ. ಆದರೆ ಇಂದು ಗದಗ ಜಿಲ್ಲೆಯ ಲಕ್ಷ್ಮೇಶ್ವರವಾಗಿರುವ ಈ ಪಟ್ಟಣಕ್ಕೆ ಇನ್ನೊಂದು ಹಿರಿಮೆಯುಂಟು.

ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು 725ರಲ್ಲಿ ಈ ಊರಿನ ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ‘ಆಚಾರವ್ಯವಸ್ಥೆ’ಯನ್ನು ಕೊಟ್ಟನು. ಅದರ ಕಲ್ಬರಹವು ಕನ್ನಡದಲ್ಲಿದೆ. ಪ್ರಜೆಗಳು ಮಾಡತಕ್ಕುದೇನೆಂಬುದಕ್ಕಿಂತ ಮೊದಲು ರಾಜಪುರುಷರು ಕಾಯತಕ್ಕುದೇನೆಂಬುದನ್ನು ಅದು ಹೇಳುತ್ತದೆ: ಅರಸನು ಕೊಟ್ಟ ದತ್ತಿ, ಸಜ್ಜನರ ಸಾಕ್ಷ್ಯ, ಊರಿನ ಮರ್ಯಾದೆ, ತಾಮ್ರಶಾಸನ, ಅನುಭವಿಸುತ್ತ ಬಂದ ಸ್ವತ್ತು, ಇವೆಲ್ಲವನ್ನೂ ಅವರು ಪಾಲಿಸಬೇಕು. ಬಳಿಕ ಮನೆಮನೆಯ ಅಂತಸ್ತಿಗೆ ತಕ್ಕ ತೆರಿಗೆ, ಕಳವು ಮೊದಲಾದ ಅಪರಾಧಗಳ ದಂಡ, ಮಕ್ಕಳಿಲ್ಲದವರ ಆಸ್ತಿ ಇವುಗಳ ಕಟ್ಟಳೆ ಬರುತ್ತದೆ.

ದೂರದ ಪ್ರಭುತ್ವದ ವಿಷಯದಲ್ಲಿ ಊರವರಿಗೆ ಶಂಕೆಯಿರುವುದು ಎಲ್ಲ ಕಾಲಕ್ಕೂ ಸಹಜವಾದುದು. ಆ ಶಂಕೆಗೆ ಪುಲಿಗೆರೆಯಲ್ಲಿ ದೊರೆತ ಉತ್ತರವು ದಂಗೆಯೂ ಅಲ್ಲ, ಕುರುಡು ನಂಬಿಕೆಯೂ ಅಲ್ಲ. ಇಬ್ಬರಿಗೂ ಕಾಣುವಂತೆ ಕಡೆದ ಮೇರೆ. ಅಧಿಕಾರಿ ಒಳ್ಳೆಯವನೋ ಕೆಟ್ಟವನೋ ಎಂಬುದು ಅಲ್ಲಿ ಗೌಣವಾಗುತ್ತದೆ. ಕಲ್ಲು ಏನನ್ನುತ್ತದೆಂಬುದೇ ಮುಖ್ಯವಾಗುತ್ತದೆ.

ಆದರೂ ಇದನ್ನು ಪ್ರಜಾಪ್ರಭುತ್ವವೆಂದು ಕೊಂಡಾಡುವುದು ಯುಕ್ತವಲ್ಲ. ಮಹಾಜನರೆಂದರೆ ಬ್ರಾಹ್ಮಣ ಸಮುದಾಯ. ಊರಿನ ಎಲ್ಲರ ಮಾತಿಗೂ ಒಂದೇ ತೂಕವಿರಲಿಲ್ಲ. ಸ್ಥಳೀಯವಾದುದೆಲ್ಲ ನ್ಯಾಯವಾದುದೆಂಬ ಭಾವನೆಯನ್ನು ಅಂಬೇಡ್ಕರರು 1948ರ ನವೆಂಬರ್ 4ರಂದು ಸಂವಿಧಾನಸಭೆಯಲ್ಲಿ ಕಟುವಾಗಿ ಖಂಡಿಸಿದುದನ್ನು ಇಲ್ಲಿ ಮರೆಯಲಾಗದು.

1992ರಲ್ಲಿ ಅಂಗೀಕೃತವಾಗಿ 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು: ಚುನಾವಣೆ ಕಡ್ಡಾಯವಾಯಿತು, ಸ್ತ್ರೀಯರಿಗೂ ಪರಿಶಿಷ್ಟರಿಗೂ ಸ್ಥಾನಗಳು ಮೀಸಲಾದುವು. ಹನ್ನೆರಡನೆಯ ಅನುಸೂಚಿಯಲ್ಲಿ ನಗರಗಳ ಪಾಲಿಗೆ ಹದಿನೆಂಟು ವಿಷಯಗಳನ್ನು ಪಟ್ಟಿಮಾಡಲಾಯಿತು. ಆದರೆ ಆ ಅಧಿಕಾರಗಳನ್ನು ರಾಜ್ಯದ ಶಾಸಕಾಂಗವು ಕೊಡಬಹುದೆಂದಿದೆಯೇ ಹೊರತು ಕೊಡಲೇಬೇಕೆಂದಿಲ್ಲ. ಪುಲಿಗೆರೆಯ ಕಲ್ಲು ರಾಜಪುರುಷರಿಗೆ ‘ಬೇಕು’ ಎಂದು ವಿಧಿಸಿತ್ತು. ಪ್ರಾತಿನಿಧ್ಯದಲ್ಲಿ ನಾವು ಬಹುದೂರ ಮುಂದೆ ಬಂದಿದ್ದೇವೆ. ಮೇಲಿನವರ ಕರ್ತವ್ಯವನ್ನು ಖಚಿತವಾಗಿ ಬರೆದಿಡುವುದರಲ್ಲಿ ಆ ಹಳೆಯ ಶಾಸನದಿಂದ ಕಲಿಯತಕ್ಕುದು ಇನ್ನೂ ಉಳಿದಿದೆ.