ಘಾಟಿಯ ಮೇಲೆ ಜಾಮ್, ಆಮೇಲೆ ಚಾಕೊಲೇಟ್

ಭೋರ್‌ನಿಂದ ಮಾಂಢರದೇವಿ ಘಾಟಿ ದಾಟಿ ವಾಯಿ ಸೇರಿ, ಅಲ್ಲಿಂದ ಪಸರಣಿ ಘಾಟಿ ಹತ್ತಿದರೆ ಪಂಚಗಣಿ. ಪುಣೆ ಕಡೆಯ ನಮ್ಮ ಹೋಟೆಲ್ ಬಂಧುಗಳಿಗೆ ಈ ದಾರಿ ಹೊಸದಲ್ಲ. ಮರಳುವ ಪ್ರವಾಸಿಗಳ ಚೀಲದಲ್ಲಿ ಜಾಮ್ ಬಾಟಲಿ, ಚಾಕೊಲೇಟ್ ಪೊಟ್ಟಣ ಇದ್ದೇ ಇರುತ್ತದೆ. ಅವುಗಳಲ್ಲಿ ಬಹುಪಾಲು ಹೆಸರು ಮಾಡಿರುವುದು ಮ್ಯಾಪ್ರೋ.

1959ರಲ್ಲಿ ಪಂಚಗಣಿಯಲ್ಲಿ ಕಿಶೋರ್ ವೋರಾ ಎಂಬ ಫಾರ್ಮಸಿಸ್ಟ್ ಸ್ಟ್ರಾಬೆರಿ ಜಾಮ್ ಕುದಿಸಲು ಶುರು ಮಾಡಿದರು. ‘ಮಹಾಬಳೇಶ್ವರ ಪ್ರಾಡಕ್ಟ್ಸ್’ ಎಂಬುದೇ ಚಿಕ್ಕದಾಗಿ ಮ್ಯಾಪ್ರೋ. ಸ್ಟ್ರಾಬೆರಿ ಎಂಥ ಹಣ್ಣೆಂದು ಅಡುಗೆಮನೆಯಲ್ಲಿ ಬಳಸಿದವರಿಗೆ ಗೊತ್ತು. ಇಂದು ಕೊಯ್ದದ್ದು ನಾಳೆಗೆ ಮೆತ್ತಗೆ, ನಾಡಿದ್ದು ತಿಪ್ಪೆಗೆ. ಫಸಲು ಕೆಲವೇ ತಿಂಗಳು. ಪೇಟೆಗೆ ತಲುಪದೆ ಉಳಿದ ಹಣ್ಣೆಲ್ಲ ಬೆಳೆಗಾರನ ನಷ್ಟದ ಲೆಕ್ಕಕ್ಕೆ. ಅದನ್ನು ಸಕ್ಕರೆಯಲ್ಲಿ ಹಿಡಿದಿಟ್ಟು ವರ್ಷವಿಡೀ ಮಾರಿದ್ದೇ ಈ ಮನೆತನದ ಜಾಣತನ. ಮುಂದೆ ಅದೇ ಕುಟುಂಬದ ಮಯೂರ್ ವೋರಾ ಅವರ ಹೊಣೆಗಾರಿಕೆಯಲ್ಲಿ ಸಿರಪ್, ಕ್ರಶ್, ಫಲೇರೋ ಹಣ್ಣಿನ ಮಿಠಾಯಿ, ಮಜಾನಾ ಚಾಕೊಲೇಟ್ ಬಂದವು.

ಗುರೇಘರ್‌ನ ಮ್ಯಾಪ್ರೋ ಗಾರ್ಡನ್ ನಮ್ಮವರು ನೋಡಲೇಬೇಕಾದದ್ದು. ಮೊದಲು ಪುಕ್ಕಟೆ ರುಚಿ, ಆಮೇಲೆ ಬಿಲ್ಲು. ಸ್ಯಾಂಡ್‌ವಿಚ್ ತಿನ್ನಲು ಕೂತ ಗಿರಾಕಿ ಏಳುವಾಗ ನಾಲ್ಕು ಬಾಟಲಿ ಹೊತ್ತೇ ಹೋಗುತ್ತಾನೆ. ನಾವಾದರೋ ಒಂದು ಚಮಚ ಹಲ್ವಾ ರುಚಿಗೆ ಕೊಡಲೂ ಲೆಕ್ಕ ಹಾಕುತ್ತೇವೆ!

ಚಾಕೊಲೇಟ್ ವಿಷಯದಲ್ಲಿ ನಮ್ಮ ಕರಾವಳಿಯವರು ಹಿಂದೆ ಬಿದ್ದವರಲ್ಲ. ಅಡಿಕೆ ತೋಟದ ನಡುವೆ ಕೋಕೋ ಹಾಕಿದವರು, ಕೊಳ್ಳುತ್ತಿದ್ದ ಕಂಪನಿಗಳು ಹಿಂದೆ ಸರಿದು ಬೆಲೆ ಕುಸಿದಾಗ ಕಂಗಾಲಾಗಿದ್ದರು. ಆಗ ಬೀಜ ಖರೀದಿಗೆ ಇಳಿದದ್ದು 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ಒಂದು ಕುಟುಂಬ, ಇಲ್ಲಿ ಸಹಕಾರಿ ಸಂಘ. ಎರಡಕ್ಕೂ ಮೂಲ ಕೊಳ್ಳುವವರಿಲ್ಲದೆ ಉಳಿದ ಫಸಲು.

ಪಂಚಗಣಿ ಪೇಟೆಯಲ್ಲಿ ಕೈಯಲ್ಲೇ ಮಾಡಿದ ಚಾಕೊಲೇಟ್, ಫಜ್ ಮಾರುವ ಸಣ್ಣ ಅಂಗಡಿಗಳೂ ಇವೆ. ಬೆಟ್ಟದ ತಂಪು ಅವರಿಗೆ ಅನುಕೂಲ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ ಕರಗುತ್ತದೆ. ಪುಣೆಯ ಏಪ್ರಿಲ್ ಬಿಸಿಲು ಅದನ್ನು ಸುಲಭವಾಗಿ ಮೀರುತ್ತದೆ. ಆದ್ದರಿಂದ ಕೌಂಟರಿನಲ್ಲಿ ಚಾಕೊಲೇಟ್ ಇಡಬಯಸುವವರು ಅದನ್ನು ದೋಸೆ ಕಾವಲಿಯಿಂದ ದೂರ, 18–20 ಡಿಗ್ರಿಯಲ್ಲಿ ಇಡಬೇಕು. ಮುಚ್ಚದೆ ಫ್ರಿಜ್ಜಿಗೆ ತಳ್ಳಿದರೆ ತೇವ ಹಿಡಿದು ಮೈಮೇಲೆ ಬಿಳಿ ಸಕ್ಕರೆ ಮೂಡುತ್ತದೆ, ಪಕ್ಕದ ಈರುಳ್ಳಿಯ ವಾಸನೆಯೂ ಹತ್ತುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರತೆಗೆದ ಮೇಲೆ ಅದು ಕೋಣೆಯ ಕಾವಿಗೆ ಬಂದ ನಂತರವೇ ಮುಚ್ಚಳ ತೆರೆಯಿರಿ.